ಗ್ರಾಮ ಉದ್ಯಾನಗಳಲ್ಲಿ ಕುಟುಂಬ ನಡಿಗೆಪಥ ಮತ್ತು ಒಂಟಿ ಜೇನ್ನೊಣಗಳ ಸಂರಕ್ಷಣೆ

ಉದ್ಯಾನ, ಕೆರೆ ಏರಿ ಹಾಗೂ ಅಮೃತ ಸರೋವರಗಳ ದಂಡೆಯ ಅಭಿವೃದ್ಧಿಯನ್ನು ಕ್ರಿಯಾ ಯೋಜನೆಗೆ ಸೇರಿಸುವಾಗ ಗ್ರಾಮ ಪಂಚಾಯಿತಿಗಳು ಸಾಮಾನ್ಯವಾಗಿ ಪೇವರ್ ಕಲ್ಲಿನ ಹಾಸು, ಆಸನ, ದೀಪ ಮತ್ತು ಹುಲ್ಲುಹಾಸನ್ನು ಪ್ರಸ್ತಾಪಿಸುತ್ತವೆ. ಇವೆಲ್ಲ ಅಗತ್ಯವೇ. ಆದರೆ ನೆಲವನ್ನೆಲ್ಲ ಕಲ್ಲಿನಿಂದ ಮುಚ್ಚಿ, ಒಣಗಿದ ಕೊಂಬೆಗಳನ್ನೆಲ್ಲ ಕಡಿದು, ಕಳೆನಾಶಕ ಸಿಂಪಡಿಸಿದ ಉದ್ಯಾನದಲ್ಲಿ ರೈತರ ಬೆಳೆಗೆ ನೇರವಾಗಿ ಸಂಬಂಧಿಸಿದ ಒಂದು ಜೀವಿವರ್ಗ ನೆಲೆ ಕಳೆದುಕೊಳ್ಳುತ್ತದೆ. ಅದೇ ಒಂಟಿ ಜೇನ್ನೊಣ.

ಜೇನು ಎಂದೊಡನೆ ನಮಗೆ ನೆನಪಾಗುವುದು ಹೆಜ್ಜೇನು, ತುಡುವೆ, ಕೋಲುಜೇನುಗಳ ಹುಟ್ಟು. ಆದರೆ ಜಗತ್ತಿನಲ್ಲಿ ಗುರುತಿಸಲಾಗಿರುವ 20,000ಕ್ಕೂ ಹೆಚ್ಚು ಜೇನ್ನೊಣ ಪ್ರಭೇದಗಳಲ್ಲಿ ಬಹುಪಾಲು ಹುಟ್ಟು ಕಟ್ಟುವುದಿಲ್ಲ, ಜೇನುತುಪ್ಪವನ್ನು ಕೂಡಿಡುವುದೂ ಇಲ್ಲ. ಇವುಗಳಲ್ಲಿ ರಾಣಿಯಾಗಲಿ ಕೆಲಸಗಾರ ನೊಣಗಳಾಗಲಿ ಇರುವುದಿಲ್ಲ. ಪ್ರತಿಯೊಂದು ಹೆಣ್ಣು ನೊಣವೂ ತಾನೊಂದೇ ಗೂಡು ಮಾಡಿ, ಪರಾಗ ಮತ್ತು ಮಕರಂದವನ್ನು ಕಲೆಸಿದ ಉಂಡೆಯ ಮೇಲೆ ಮೊಟ್ಟೆಯಿಟ್ಟು, ಆ ಕೋಣೆಯನ್ನು ಮುಚ್ಚಿ ಮುಂದಿನ ಕೋಣೆಗೆ ಸಾಗುತ್ತದೆ. ಹುಟ್ಟಿನ ರಾಣಿನೊಣ ದಿನವೊಂದಕ್ಕೆ ನೂರಾರು ಮೊಟ್ಟೆಗಳನ್ನಿಡಬಲ್ಲದು. ಒಂಟಿ ಜೇನ್ನೊಣ ತನ್ನ ಇಡೀ ಆಯುಷ್ಯದಲ್ಲಿ ಇಡುವುದು ಬೆರಳೆಣಿಕೆಯಿಂದ ಕೆಲವು ಹತ್ತರಷ್ಟು ಮಾತ್ರ. ಆದ್ದರಿಂದ ಒಂದು ಗೂಡಿನ ನಾಶವೂ ಸಣ್ಣ ನಷ್ಟವಲ್ಲ.

ನಮ್ಮಲ್ಲಿ ಸುಲಭವಾಗಿ ಕಾಣಸಿಗುವವು ಮೂರು ಬಗೆಯವು. ಒಣಮರ, ಬಿದಿರು, ಹಳೆಯ ಮನೆಯ ತೊಲೆಗಳನ್ನು ಕೊರೆಯುವ ದೊಡ್ಡ ಕಪ್ಪು ಬಡಗಿ ಜೇನನ್ನು ಜನರು ದುಂಬಿ ಎನ್ನುತ್ತಾರೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಜೇನು ಮಣ್ಣಿನ ದಿಬ್ಬ ಹಾಗೂ ಹಳೆಯ ಮಣ್ಣುಗೋಡೆಗಳಲ್ಲಿ ಬಿಲ ತೋಡುತ್ತದೆ. ಎಲೆ ಕತ್ತರಿಸುವ ಜೇನು ಗುಲಾಬಿ ಮೊದಲಾದ ಗಿಡಗಳ ಎಲೆಯಂಚಿನಿಂದ ಕತ್ತರಿಯಿಂದ ತೆಗೆದಂತೆ ದುಂಡನೆಯ ತುಂಡುಗಳನ್ನು ಒಯ್ದು ಕೋಣೆ ಕಟ್ಟುತ್ತದೆ. ಇಂತಹ ಎಲೆಗಳನ್ನು ಕಂಡು ರೋಗವೆಂದು ಭಾವಿಸಿ ಔಷಧಿ ಸಿಂಪಡಿಸುವುದು ಅನಗತ್ಯ.

ಬೆಳೆಗೆ ಇವುಗಳಿಂದ ಆಗುವ ಪ್ರಯೋಜನವನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆತಿದೆ. ತೊಗರಿಯು ತನ್ನ ಹೂವಿನೊಳಗೇ ಪರಾಗಸ್ಪರ್ಶ ಹೊಂದಬಲ್ಲ ಬೆಳೆ. ಆದರೆ ಅದರ ಪರಾಗ ಅಂಟಿನಂತಿರುವುದರಿಂದ ಗಾಳಿಯಲ್ಲಿ ಹಾರದು. ಒಂದು ಗಿಡದಿಂದ ಮತ್ತೊಂದಕ್ಕೆ ಅದನ್ನು ಒಯ್ಯುವವು ಕೀಟಗಳೇ, ಅವುಗಳಲ್ಲಿ ಎಲೆ ಕತ್ತರಿಸುವ ಜೇನು ಮತ್ತು ಬಡಗಿ ಜೇನುಗಳು ಪ್ರಮುಖ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ರೂಪಿಸಿದ ತೊಗರಿ ಹೈಬ್ರಿಡ್‌ಗಳ ಬೀಜೋತ್ಪಾದನೆಯು ಈ ಕೀಟಗಳ ಓಡಾಟವನ್ನೇ ಅವಲಂಬಿಸಿದೆ. ಟೊಮ್ಯಾಟೊ ಮತ್ತು ಬದನೆಯ ಪರಾಗಕೋಶಗಳ ತುದಿಯಲ್ಲಿ ಸಣ್ಣ ರಂಧ್ರಗಳಷ್ಟೇ ಇರುತ್ತವೆ. ನೀಲಿ ಪಟ್ಟೆಯ ಜೇನು ಅಂತಹ ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆಯೇ ಎದೆಯ ಸ್ನಾಯುಗಳನ್ನು ಕಂಪಿಸಿದಾಗ ಪರಾಗ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನ್ನೊಣಗಳಿಗೆ ಈ ಸಾಮರ್ಥ್ಯವಿಲ್ಲ. ಜೇನುಪೆಟ್ಟಿಗೆಗಳನ್ನು ವಿತರಿಸಿದರೆ ಪರಾಗಸ್ಪರ್ಶದ ಸಮಸ್ಯೆ ಪೂರ್ತಿಯಾಗಿ ಬಗೆಹರಿಯಿತು ಎಂಬ ಗ್ರಹಿಕೆ ಈ ಕಾರಣಕ್ಕೆ ಸರಿಯಲ್ಲ.

ಉದ್ಯಾನದಲ್ಲಿ ಜೇನು ಎಂದರೆ ಪೋಷಕರು ಆತಂಕಗೊಳ್ಳುವುದು ಸಹಜ. ಇಲ್ಲಿ ಭೇದವನ್ನು ಸ್ಪಷ್ಟವಾಗಿ ಅರಿಯಬೇಕು. ಹೆಜ್ಜೇನು ತನ್ನ ಹುಟ್ಟಿನ ರಕ್ಷಣೆಗಾಗಿ ಗುಂಪಾಗಿ ಎರಗುತ್ತದೆ; ನೀರಿನ ಟ್ಯಾಂಕ್ ಅಥವಾ ಎತ್ತರದ ಮರದಲ್ಲಿ ಹೆಜ್ಜೇನಿದ್ದರೆ ಪಥವನ್ನು ಆ ದಿಕ್ಕಿಗೆ ಒಯ್ಯಲೇಬಾರದು. ಒಂಟಿ ಜೇನಿಗೆ ಕಾಯಲು ಹುಟ್ಟಿಲ್ಲ. ಗಂಡು ನೊಣಕ್ಕೆ ಕೊಂಡಿಯೇ ಇರುವುದಿಲ್ಲ, ಹೆಣ್ಣು ನೊಣ ಹಿಡಿದು ಅದುಮಿದಾಗ ಮಾತ್ರ ಕುಟುಕಬಹುದು. ಒಂದರ ಭಯದಿಂದ ಎಲ್ಲವನ್ನೂ ಹೊಗೆ ಹಾಕಿ ಓಡಿಸುವ ಪರಿಪಾಠ ನಿಲ್ಲಬೇಕಾಗಿದೆ.

ಪಥದ ರಚನೆಗೆ ಹೆಚ್ಚಿನ ವೆಚ್ಚವಿಲ್ಲ. ಅರ್ಧ ಕಿಲೋಮೀಟರಿನಷ್ಟು ಮಣ್ಣಿನ ಅಥವಾ ಗರಸಿನ ಹಾದಿ ಸಾಕು. ಗಾಲಿಕುರ್ಚಿ ಸಾಗುವಷ್ಟು ಭಾಗಕ್ಕೆ ಮಾತ್ರ ಕಲ್ಲು ಹಾಸಬಹುದು. ಬಿಸಿಲು ಬೀಳುವ, ನೀರು ನಿಲ್ಲದ ಒಂದು ಮಣ್ಣಿನ ದಿಬ್ಬವನ್ನು ಹುಲ್ಲು ಬೆಳೆಸದೆ ಹಾಗೆಯೇ ಬಿಡಬೇಕು, ಏಕೆಂದರೆ ಬಹುತೇಕ ಒಂಟಿ ಜೇನುಗಳು ನೆಲದಲ್ಲಿಯೇ ಗೂಡು ಮಾಡುತ್ತವೆ. ಇನ್ನೊಂದೆಡೆ ಸುಡದ ಮಣ್ಣಿನ ಇಟ್ಟಿಗೆಯ ಮೋಟುಗೋಡೆ ಕಟ್ಟಿಸಬಹುದು. ಗಣ್ಣು ಹಿಂಬದಿಗೆ ಬರುವಂತೆ ಕತ್ತರಿಸಿದ ಬಿದಿರಿನ ಕೊಳವೆಗಳ ಕಟ್ಟನ್ನು, ಅಥವಾ 4ರಿಂದ 10 ಮಿಲಿಮೀಟರ್ ಅಗಲದ ರಂಧ್ರಗಳನ್ನು ಕೊರೆದ, ಬಣ್ಣ ಬಳಿಯದ ಮರದ ತುಂಡನ್ನು ಮಕ್ಕಳ ಕಣ್ಣೆತ್ತರದಲ್ಲಿ, ಬೆಳಗಿನ ಬಿಸಿಲು ತಾಗುವಂತೆ, ಮಳೆ ಬಡಿಯದಂತೆ ನಿಲ್ಲಿಸಬೇಕು. ರಂಧ್ರದ ಬಾಯಿ ಮಣ್ಣಿನಿಂದಲೋ ಎಲೆಯಿಂದಲೋ ಮುಚ್ಚಿದ್ದರೆ ಒಳಗೆ ಮರಿಯಿದೆ ಎಂದರ್ಥ. ಇಂತಹ ಕಟ್ಟುಗಳಲ್ಲಿ ನುಸಿ ಮತ್ತು ಶಿಲೀಂಧ್ರ ಸೇರಿಕೊಳ್ಳುವುದರಿಂದ, ಮರಿಗಳು ಹೊರಬಂದ ಬಳಿಕ ಎರಡು ವರ್ಷಕ್ಕೊಮ್ಮೆಯಾದರೂ ಅವುಗಳನ್ನು ಬದಲಿಸುವ ಹೊಣೆಯನ್ನು ಯಾರಿಗಾದರೂ ವಹಿಸಿರಬೇಕು. ಉದ್ಘಾಟನೆಯ ನಂತರ ಮರೆತುಹೋಗುವ ಕೆಲಸವಿದೇ.

ಚಿಕ್ಕ ಒಂಟಿ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರ್ ದೂರವಷ್ಟೇ ಹಾರುತ್ತವೆಯಾದ್ದರಿಂದ ಹೂಗಳು ಹತ್ತಿರದಲ್ಲಿರಬೇಕು. ತುಂಬೆ, ತಂಗಡಿ, ಎಕ್ಕ, ತುಳಸಿ, ಸೆಣಬು ಹಾಗೂ ಹೊಂಗೆ ಇವುಗಳಿಗೆ ಪ್ರಿಯ. ಮಳೆಗಾಲದಲ್ಲಿ ತುಂಬೆ, ಸೆಣಬುಗಳು ಅರಳಿದರೆ ತೊಗರಿ ಹೂಬಿಡುವ ಹೊತ್ತಿಗೆ ನೊಣಗಳ ಸಂಖ್ಯೆ ಹೆಚ್ಚಿರುತ್ತದೆ. ತುಂಬೆಯನ್ನು ಕಳೆಯೆಂದು ಕೀಳುವವರಿಗೆ ಇದನ್ನು ತಿಳಿಸಿ ಹೇಳಬೇಕು.

ಉತ್ತರಾಖಂಡದ ಅರಣ್ಯ ಇಲಾಖೆಯು 2020ರ ಡಿಸೆಂಬರಿನಲ್ಲಿ ಹಲ್ದ್ವಾನಿಯಲ್ಲಿ ಸುಮಾರು 4 ಎಕರೆಯ ಪರಾಗಸ್ಪರ್ಶಕ ಉದ್ಯಾನವನ್ನು ತೆರೆದಿದೆ. ಗ್ರಾಮ ಮಟ್ಟದಲ್ಲಿ ಅಷ್ಟು ವಿಸ್ತಾರ ಬೇಕಿಲ್ಲ. ಕೆರೆ ಏರಿಯ ಒಂದು ಮಗ್ಗುಲು ಅಥವಾ ಶಾಲೆಯ ಹಿಂಬದಿಯ ಜಾಗವೂ ಸಾಲುತ್ತದೆ.

ಬೆಳಿಗ್ಗೆ 8ರಿಂದ 11 ಗಂಟೆಯ ನಡುವೆ ನೊಣಗಳ ಓಡಾಟ ಚೆನ್ನಾಗಿ ಕಾಣುತ್ತದೆ. ಅರಿವು ಕೇಂದ್ರದ ಮೇಲ್ವಿಚಾರಕರು ಮತ್ತು ಶಿಕ್ಷಕರು ರಜಾದಿನಗಳಲ್ಲಿ ಕುಟುಂಬಗಳನ್ನು ಕರೆದೊಯ್ಯಬಹುದು. ಶಾಲೆಯ ಪ್ರಯೋಗಾಲಯದ ಶ್ರುತಿಕವೆಯನ್ನು ಮಿಡಿದು ಬದನೆಯ ಹೂವಿಗೆ ತಾಗಿಸಿದರೆ ಪರಾಗ ಉದುರುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಕಂಡ ನೊಣಗಳ ವಿವರವನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಬಹುದಾಗಿದೆ. ಪಥದ ಸ್ಥಳವನ್ನು ಮಕ್ಕಳ ಗ್ರಾಮ ಸಭೆಯಲ್ಲಿ ಚರ್ಚಿಸಿ, ಮಣ್ಣಿನ ದಿಬ್ಬವನ್ನು ಕೆದಕಬಾರದು ಹಾಗೂ ಉದ್ಯಾನದಲ್ಲಿ ಕಳೆನಾಶಕ ಬಳಸಬಾರದು ಎಂಬ ಎರಡು ಷರತ್ತುಗಳನ್ನು ನಿರ್ವಹಣೆಯ ಕಾರ್ಯಾದೇಶದಲ್ಲಿಯೇ ನಮೂದಿಸುವುದು ಸೂಕ್ತ.