ಕಾಟಾದಿಂದ ಖಾತೆಯವರೆಗೆ

ಕಬ್ಬಿನ ಹಂಗಾಮು ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ದಾರಿಗಳಲ್ಲಿ ಗಾಡಿಗಳದೇ ಸಾಲು. ಕೃಷ್ಣೆ, ದೂಧಗಂಗೆಯರ ಈ ಸೀಮೆಗೆ ಸಕ್ಕರೆಯ ನಂಟು ಇಂದಿನದಲ್ಲ. ಉಗಾರದ ಕಾರ್ಖಾನೆಯ ಸ್ಥಾಪನೆ 1939ರಷ್ಟು ಹಿಂದಿನದು. ತುಂಬಿದ ಗಾಡಿ ಕಾಟಾದ ಮೇಲೆ ನಿಲ್ಲುತ್ತದೆ. ಕಬ್ಬು ಇಳಿಸಿದ ಮೇಲೆ ಬರಿಗಾಡಿ ಇನ್ನೊಮ್ಮೆ ತೂಗಲ್ಪಡುತ್ತದೆ. ಎರಡರ ವ್ಯತ್ಯಾಸವೇ ಕಬ್ಬಿನ ತೂಕ. ರೈತನ ಕೈಗೊಂದು ಚೀಟಿ. ಆ ಚೀಟಿಯ ಅಂಕಿ ರೂಪಾಯಿಯಾಗಿ ಬ್ಯಾಂಕಿನ ಖಾತೆಗೆ ಹೇಗೆ ಹೋಗಿ ಸೇರುತ್ತದೆಂದು ನೀವು ಎಂದಾದರೂ ಯೋಚಿಸಿದ್ದುಂಟೆ?

ನಡುವೆ ಹಲವು ದಫ್ತರುಗಳಿವೆ. ಕಾಟಾದ ಗಣಕಯಂತ್ರ ಒಂದು. ಯಾರ ಹೊಲ, ಎಷ್ಟು ಎಕರೆ ಎಂಬ ನೋಂದಣಿ ಇನ್ನೊಂದು. ಕಟಾವು ಮತ್ತು ಸಾಗಾಣಿಕೆಯ ಲೆಕ್ಕ ಮತ್ತೊಂದು. ಜಮಾಖರ್ಚು, ಬ್ಯಾಂಕು, ರೈತನ ಮೊಬೈಲಿಗೆ ಹೋಗುವ ಸಂದೇಶ ಬೇರೆ ಬೇರೆ. ಇವನ್ನು ಬರೆದವರು ಬೇರೆ, ಇವುಗಳ ಭಾಷೆಯೂ ಬೇರೆ. ಒಂದರಿಂದ ಇನ್ನೊಂದಕ್ಕೆ ಗುಮಾಸ್ತನು ಕೈಯಿಂದ ನಕಲು ಮಾಡುತ್ತ ಕುಳಿತರೆ ದಿನಗಳು ಉರುಳುತ್ತವೆ, ತಪ್ಪುಗಳೂ ನುಸುಳುತ್ತವೆ. ಆದರೆ 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಒಪ್ಪಿಸಿದ ಹದಿನಾಲ್ಕು ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ಶೇಕಡಾ 15ರ ಬಡ್ಡಿ. ಆದ್ದರಿಂದ ಈ ದಫ್ತರುಗಳನ್ನು ಜೋಡಿಸುವುದು ಕೇವಲ ಯಂತ್ರದ ಚಮತ್ಕಾರವಲ್ಲ, ಮನೆಯ ಒಲೆಗೆ ಸಂಬಂಧಿಸಿದ ವಿಷಯ.

ಈ ಜೋಡಣೆಗೆ ಇಂದು ಹೊಸ ಬಗೆಯ ಸಾಧನಗಳು ಬಂದಿವೆ. ಇಂಗ್ಲಿಷಿನಲ್ಲಿ ಅವಕ್ಕೆ ‘ಲೋ-ಕೋಡ್’ ಎನ್ನುತ್ತಾರೆ; ಎಂದರೆ ಸಾವಿರಾರು ಸಾಲು ಆಜ್ಞೆಗಳನ್ನು ಬರೆಯದೆ, ಪರದೆಯ ಮೇಲೆ ಚೌಕಗಳನ್ನಿಟ್ಟು ಗೆರೆ ಎಳೆದು ಕೆಲಸವನ್ನು ಹೇಳಿಕೊಡುವ ಪದ್ಧತಿ. ‘ಬರಿಗಾಡಿಯ ತೂಕ ಆದೊಡನೆ’ ಎಂಬುದು ಮೊದಲ ಚೌಕ. ‘ರೈತನ ಹೆಸರಿಗೆ ತೂಕ ಬರೆ’, ‘ಖರ್ಚು ಕಳೆ’, ‘ಸಂದೇಶ ಕಳಿಸು’ ಎಂಬುವು ಮುಂದಿನವು. ಪೈಪುಗಳ ಬಾಯಿ ಒಂದೇ ಅಳತೆಯದಲ್ಲದಿದ್ದರೆ ನಡುವೆ ಒಂದು ಕಪ್ಲಿಂಗ್ ಹಾಕುವುದಿಲ್ಲವೆ? ಹಾಗೆಯೇ ಇಲ್ಲಿಯೂ ಒಂದು ಕೊಂಡಿ. ಅಮೆರಿಕದ ಜ್ಯಾಪಿಯರ್ 2011ರಲ್ಲಿಯೂ ಜರ್ಮನಿಯ ಎನ್‌ಎಯ್ಟ್‌ಎನ್ 2019ರಲ್ಲಿಯೂ ಇಂಥ ವ್ಯಾಪಾರಕ್ಕೆ ಇಳಿದುವು. ತಂತ್ರಾಂಶಗಳು ಪರಸ್ಪರ ಮಾತನಾಡುವ ಬಾಗಿಲುಗಳನ್ನು ಪರೀಕ್ಷಿಸುವ ಪೋಸ್ಟ್‌ಮನ್ ಎಂಬ ಸಾಧನ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ್ದು.

ಚೌಕ ಜೋಡಿಸುವುದು ಸುಲಭ. ಅದು ನಿಲ್ಲುವಂತೆ ಮಾಡುವುದು ಕಷ್ಟ. ಮೊದಲನೆಯ ತೊಡಕು ಹೆಸರಿನದು. ಗಡಿಸೀಮೆಯಲ್ಲಿ ಒಬ್ಬನೇ ರೈತನ ಹೆಸರು ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಮರಾಠಿಯಲ್ಲಿ, ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಒಂದು ಊರಿನಲ್ಲಿ ಅದೇ ಹೆಸರಿನ ಪಾಟೀಲರು ನಾಲ್ವರು ಇದ್ದರೂ ಇದ್ದಾರು. ಆದ್ದರಿಂದ ಹೆಸರನ್ನು ನಂಬಬಾರದು. ಕರ್ನಾಟಕ ಸರಕಾರದ ‘ಫ್ರೂಟ್ಸ್’ ನೋಂದಣಿಯಲ್ಲಿ ಪ್ರತಿಯೊಬ್ಬ ರೈತನಿಗೂ ಒಂದು ಗುರುತಿನ ಸಂಖ್ಯೆ ಕೊಡುವುದು ಇಂಥ ಗೊಂದಲವನ್ನು ತಪ್ಪಿಸಲೆಂದೇ.

ಎರಡನೆಯದು, ಲೋಕ ಬದಲಾಗುತ್ತಿರುತ್ತದೆ. ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು. ಈಗ ಎರಡೂ ಸ್ವತಂತ್ರ ತಾಲ್ಲೂಕುಗಳು. ಹಳೆಯ ಪುಸ್ತಕದಲ್ಲಿ ಅಥಣಿಯೆಂದಿರುವ ಹಳ್ಳಿ ಹೊಸದರಲ್ಲಿ ಕಾಗವಾಡವೆಂದಿದ್ದರೆ ಯಂತ್ರ ಅದನ್ನು ಬೇರೆ ಹಳ್ಳಿಯೆಂದೇ ತಿಳಿಯುತ್ತದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಿಂತುಹೋದುವು. ನಿನ್ನೆ ಸರಿಯಿದ್ದ ಕೊಂಡಿ ಇಂದು ಕಳಚುವುದು ಹೀಗೆ.

ಮೂರನೆಯದು ಕರೆಂಟು ಮತ್ತು ಸಂಪರ್ಕದ್ದು. ತಂತಿ ಕಡಿದಾಗ ಅಂಕಿಗಳು ಸರದಿಯಲ್ಲಿ ಕಾದು, ಸಂಪರ್ಕ ಬಂದೊಡನೆ ಮುಂದೆ ಹೋಗಬೇಕು. ಹೋಯಿತೋ ಇಲ್ಲವೋ ಎಂಬ ಅನುಮಾನದಲ್ಲಿ ಯಂತ್ರ ಅದೇ ಅಂಕಿಯನ್ನು ಎರಡು ಸಲ ಕಳಿಸಬಹುದು. ಆಗ ಒಂದು ಗಾಡಿಗೆ ಎರಡು ಗಾಡಿಯ ಹಣ! ಪ್ರತಿ ಚೀಟಿಗೂ ಒಂದೇ ಸಂಖ್ಯೆ ಇರಬೇಕು, ಆ ಸಂಖ್ಯೆ ಮತ್ತೆ ಬಂದರೆ ಒಪ್ಪಬಾರದು. ಅರ್ಥವಾಗದ್ದನ್ನು ಯಂತ್ರ ನುಂಗಿಬಿಡದೆ ಒಬ್ಬ ಮನುಷ್ಯನ ಮೇಜಿಗೆ ಕಳಿಸಬೇಕು.

ಇನ್ನು ಬೆಲೆಯ ಮಾತು. ಕೆಲವರು ಬಳಸುವ ಜನರ ತಲೆಯೆಣಿಕೆಯಿಂದ ಹಣ ಕೇಳುತ್ತಾರೆ. ಕೆಲವರು, ಜ್ಯಾಪಿಯರ್‌ನಂತೆ, ಯಂತ್ರ ಮಾಡಿದ ಒಂದೊಂದು ಕೆಲಸವನ್ನೂ ಎಣಿಸುತ್ತಾರೆ. ಎನ್‌ಎಯ್ಟ್‌ಎನ್‌ನಂತಹವರು ಮೊದಲಿನಿಂದ ಕೊನೆಯವರೆಗಿನ ಒಂದು ಓಟವನ್ನು ಒಂದೆಂದು ಎಣಿಸುತ್ತಾರೆ. ಯಾವುದಾದರೇನು ಎನ್ನಬೇಡಿ. ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು.

ದಿನಕ್ಕೆ 5,000 ಟನ್ನು ಅರೆಯುವ ಕಾರ್ಖಾನೆ, ಗಾಡಿಗೆ 10 ಟನ್ನು ಎಂದರೆ 500 ಚೀಟಿ. ಪ್ರತಿ ಚೀಟಿಗೆ ಐದು ಕೆಲಸ: ತೂಕ ಬರೆಯುವುದು, ಖರ್ಚು ಕಳೆಯುವುದು, ಜಮಾ ಹಾಕುವುದು, ಪಾವತಿಯ ಪಟ್ಟಿಗೆ ಸೇರಿಸುವುದು, ರೈತನಿಗೆ ಸಂದೇಶ. 120 ದಿನದ ಹಂಗಾಮಿಗೆ 3,00,000 ಕೆಲಸ. ಕೆಲಸಕ್ಕೆ 50 ಪೈಸೆಯಾದರೆ 1,50,000 ರೂಪಾಯಿ. ಆಗ ಖರ್ಚು ಉಳಿಸಹೊರಟವರ ಕಣ್ಣು ಎಲ್ಲಿ ಬೀಳುತ್ತದೆ? ಸಂದೇಶದ ಮೇಲೆ! ಅದನ್ನು ನಿಲ್ಲಿಸಿದರೆ 30,000 ರೂಪಾಯಿ ಉಳಿತಾಯ. ಕಾರ್ಖಾನೆಯ ಕೆಲಸವೇನೂ ನಿಲ್ಲುವುದಿಲ್ಲ. ಕತ್ತಲಲ್ಲಿ ಉಳಿಯುವವನು ರೈತ. ಅದೇ ಸಾಧನವನ್ನು ಪೂರ್ತಿ ಓಟಕ್ಕೆ, ಅಂದರೆ ಚೀಟಿಗೆ, ಎರಡೂವರೆ ರೂಪಾಯಿಯಂತೆ ಮಾರಿದರೆ ಒಟ್ಟು ಬೆಲೆ ಅಷ್ಟೇ. ಆದರೆ ಸಂದೇಶ ನಿಲ್ಲಿಸಿದರೆ ಈ ಬಾಬಿನಲ್ಲಿ ಕಾಸೂ ಉಳಿಯುವುದಿಲ್ಲ. ಬೆಲೆ ಕಟ್ಟುವ ರೀತಿಯೇ ಯಾರಿಗೆ ಸುದ್ದಿ ಮುಟ್ಟಬೇಕೆಂಬುದನ್ನು ನಿರ್ಣಯಿಸಿಬಿಡುತ್ತದೆ ಎಂಬುದನ್ನು ಗಮನಿಸಿ.

ಮಾಡುವವರ ಕಡೆಯ ನ್ಯಾಯವೂ ಒಂದುಂಟು. ಹಂಗಾಮು ಮುಗಿದ ಮೇಲೆ ಗಾಡಿ ಇಲ್ಲ, ಚೀಟಿ ಇಲ್ಲ. ಆದರೆ ಬ್ಯಾಂಕಿನ ಸಂಕೇತ ಬದಲಾಗುವುದು ಮಳೆಗಾಲದಲ್ಲಿಯೂ ಉಂಟು. ಕೊಂಡಿ ಕಟ್ಟುವ ಖರ್ಚು ಒಮ್ಮೆ, ಕಾಯುವ ಖರ್ಚು ಸದಾ. ಆದುದರಿಂದ ವರ್ಷವಿಡೀ ಸಲ್ಲುವ ಒಂದು ಸಣ್ಣ ನಿಶ್ಚಿತ ಮೊತ್ತ, ಅದರ ಮೇಲೆ ಚೀಟಿಗಿಷ್ಟು ಎಂಬ ದರ, ಇಬ್ಬರಿಗೂ ಒಪ್ಪುವಂಥದು. ಯಂತ್ರವೇ ತಪ್ಪಿ ಮತ್ತೆ ಓಡಿದ ಓಟಕ್ಕೆ ಹಣ ಕೇಳತಕ್ಕದ್ದಲ್ಲ.

ನೀವು ಸಹಕಾರಿ ಸಂಘದ ಕಾರ್ಯದರ್ಶಿಯಾಗಿದ್ದರೆ, ಕೊಳ್ಳುವ ಮೊದಲು ಮೂರು ಮಾತು ಕೇಳಿ: ತಪ್ಪಾದರೆ ಯಾರಿಗೆ ತಿಳಿಯುತ್ತದೆ? ನವೆಂಬರಿನ ದರ ಜನವರಿಯಲ್ಲಿಯೂ ಅದೇ ಇರುತ್ತದೆಯೆ? ಬಿಟ್ಟುಹೋಗುವಾಗ ನಮ್ಮ ಲೆಕ್ಕ ನಮ್ಮ ಕೈಗೆ ಬರುತ್ತದೆಯೆ? ತಂತ್ರಾಂಶ ಬರೆಯುವ ತರುಣರಾಗಿದ್ದರೆ, ಒಂದು ರಾತ್ರಿ ಕಾಟಾದ ಬಳಿ ನಿಂತು ನೋಡಿ. ರೈತರಾಗಿದ್ದರೆ, ಸಂದೇಶ ಬಂದರೂ ಕಾಗದದ ಚೀಟಿಯನ್ನು ಹಣ ಸೇರುವ ತನಕ ಜೋಪಾನವಾಗಿಡಿ. ಎಷ್ಟೇ ಒಳ್ಳೆಯ ಕೊಂಡಿಗೂ ತಾಳೆ ನೋಡಲು ಇನ್ನೊಂದು ಲೆಕ್ಕ ಬೇಕು.