ಹಳ್ಳದ ಆಚೆ ನಿಂತ ಕಾರು

ಎತ್ತಿನ ಗಾಡಿಯಲ್ಲಿ ಅಡಿಕೆ ಮೂಟೆಗಳ ಮೇಲೆ ಕುಳಿತು ತಂದೆಯವರ ಜೊತೆ ಶಿರಸಿ ಪೇಟೆಗೆ ಬಂದ ನೆನಪು ನಮಗಿದೆ. ಆಗ ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕಾರೆಂದರೆ ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಬರುವ ಅಂಬಾಸಡರ್. ಮಳೆಗಾಲದ ಕೆಸರಿಗೆ ಜೀಪೇ ಗತಿ. 1983ರಲ್ಲಿ ಮಾರುತಿ 800 ಬಂದ ಮೇಲೆ ಸಣ್ಣ ಹಿಡುವಳಿದಾರರೂ ಕಾರಿನ ಮಾತೆತ್ತತೊಡಗಿದರು. ಅಂಬಾಸಡರ್, ಮಾರುತಿ 800 ಇವೆರಡರ ತಯಾರಿಕೆಯೂ 2014ರಲ್ಲಿ ನಿಂತಿತು.

ಒಂದು ಆಷಾಢದ ರಾತ್ರಿ ತಂದೆಯವರಿಗೆ ಎದೆನೋವು ಬಂತು. ನೆರೆಮನೆಯವರ ಜೀಪು ಹಳ್ಳದ ಆಚೆ ದಡದಲ್ಲೇ ನಿಂತಿತು. ಊರಿನ ನಾಲ್ವರು ಕಂಬಳಿ ಜೋಲಿಯಲ್ಲಿ ಹೊತ್ತು ಕಾಲುಸಂಕ ದಾಟಿಸಿದರು. ತಂದೆಯವರು ಉಳಿದುಕೊಂಡರು. ಮರುವರ್ಷ ಚಾಲಿ ಮಾರಿದ ಹಣದಲ್ಲಿ ಹಳೆಯ ಮಾರುತಿ ಕೊಂಡೆವು. ಅದೂ ಐದು ಮಳೆಗಾಲ ಹಳ್ಳದ ಆಚೆಯೇ, ಸೋಗೆ ಮಾಡಿನ ಕೆಳಗೆ ಕಳೆಯಿತು. ಸೇತುವೆಯಾದ ಮೇಲೆಯೇ ಕಾರು ನಮ್ಮ ಅಂಗಳ ಕಂಡದ್ದು.

ಈಗ ಅನೇಕ ಮನೆಗಳ ಅಂಗಳದಲ್ಲಿ ಕಾರಿದೆ. ಓಡಿಸುವ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿ ಉಳಿದವರು ವಯಸ್ಸಾದವರು. ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ: ನಿಮ್ಮ ಊರಿನಲ್ಲಿ ರಾತ್ರಿ ಹೊತ್ತು ಕಾರು ಹೊರಡಿಸಬಲ್ಲವರ ಹೆಸರು, ದೂರವಾಣಿ ಸಂಖ್ಯೆ ಬರೆದು ಸಂಘದ ಕಚೇರಿಗೆ ಕೊಡಿ. ಮಳೆ ಹಿಡಿಯುವ ಮೊದಲೇ ಪಟ್ಟಿಯನ್ನು ಮನೆಮನೆಗೆ ತಲುಪಿಸುತ್ತೇವೆ. ಜೋಲಿ ಹೊರಲು ಅಂದು ಬಂದ ನಾಲ್ವರನ್ನು ಯಾರೂ ಸಂಬಳ ಕೊಟ್ಟು ಕರೆದಿರಲಿಲ್ಲ.