ಮನೆಯ ಕಚೇರಿಗೆ ಅಂತರಜಾಲ ದೂರವಾಣಿ: ತಂತಿ ರೂಟರ್ ಆಯ್ಕೆಯ ಲೆಕ್ಕಾಚಾರ

ಸಣ್ಣ ಉದ್ದಿಮೆದಾರರಲ್ಲಿ ಅನೇಕರು ಘಟಕವನ್ನು ಕೈಗಾರಿಕಾ ವಸಾಹತಿನಲ್ಲಿಟ್ಟು, ಲೆಕ್ಕಪತ್ರ, ಪತ್ರವ್ಯವಹಾರ ಹಾಗೂ ಗ್ರಾಹಕರೊಡನೆ ಮಾತುಕತೆಗಳನ್ನು ಮನೆಯ ಒಂದು ಕೋಣೆಯಿಂದಲೇ ನಡೆಸುತ್ತಾರೆ. ಇಂಥ ಕೋಣೆಯಲ್ಲಿ ಕುಳಿತ ಬೆಳಗಾವಿಯ ಫೌಂಡ್ರಿ ಮಾಲೀಕರೊಬ್ಬರನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅಂತರಜಾಲ ದೂರವಾಣಿಯಲ್ಲಿ ಬೆಂಗಳೂರಿನ ಖರೀದಿದಾರರೊಡನೆ ದರದ ಮಾತು ನಡೆದಿದೆ. ಪಕ್ಕದ ಕಂಪ್ಯೂಟರಿನಿಂದ ನಕ್ಷೆಗಳ ದೊಡ್ಡ ಕಡತವೊಂದು ರವಾನೆಯಾಗತೊಡಗಿದೊಡನೆ ಧ್ವನಿ ತುಂಡುತುಂಡಾಗುತ್ತದೆ. ಕಿಲೋಗೆ ‘ತೊಂಬತ್ತೆಂಟು’ ಎಂದದ್ದು ಆ ತುದಿಯಲ್ಲಿ ‘ಎಂಬತ್ತೆಂಟು’ ಎಂದು ಕೇಳಿಸಿದರೆ, 5 ಟನ್ ಸರಕಿನ ಮೇಲೆ 50,000 ರೂಪಾಯಿಗಳ ತಕರಾರು ಹುಟ್ಟುತ್ತದೆ.

ಭಾರತದಲ್ಲಿ ಅಂತರಜಾಲ ದೂರವಾಣಿಗೆ 2002ರ ಏಪ್ರಿಲ್‌ನಿಂದ ಸೀಮಿತ ಅನುಮತಿ ದೊರೆಯಿತು. 2018ರಲ್ಲಿ ದೂರಸಂಪರ್ಕ ಇಲಾಖೆಯು ಪರವಾನಗಿ ಪಡೆದ ಸಂಸ್ಥೆಗಳ ಮೂಲಕ ಸಾಮಾನ್ಯ ದೂರವಾಣಿ ಸಂಖ್ಯೆಗಳಿಗೂ ಕರೆ ಮಾಡುವ ದಾರಿಯನ್ನು ಸುಗಮಗೊಳಿಸಿತು. ಕರೆ ಕೆಟ್ಟಾಗ ಹೆಚ್ಚಿನ ವೇಗದ ಸಂಪರ್ಕಕ್ಕೆ ಹಣ ತೆರುವುದು ಸಾಮಾನ್ಯ. ಆದರೆ ದೋಷವು ಅನೇಕ ವೇಳೆ ವೇಗದ್ದಲ್ಲ, ಸರದಿಯದು.

ವೇಗವಲ್ಲ, ಸರದಿ

ಪ್ರಚಲಿತ ಜಿ.711 ವಿಧಾನದಲ್ಲಿ ಒಂದು ಕರೆಯ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು. ವಿಳಾಸ ಇತ್ಯಾದಿ ಮೇಲುಹೊರೆ ಸೇರಿ ಪ್ರತಿ ದಿಕ್ಕಿನಲ್ಲಿ ಸುಮಾರು 87 ಕಿಲೋಬಿಟ್ ಆಗುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಅಪ್‌ಲೋಡ್ ಇರುವ ಸಾಧಾರಣ ಸಂಪರ್ಕಕ್ಕೆ ಇದು ದೊಡ್ಡ ಭಾರವಲ್ಲ. ಆದರೆ ಅದೇ ಮಾರ್ಗದಲ್ಲಿ ಕಡತದ 250 ಕಿಲೋಬೈಟ್ ಮಾಹಿತಿ ಮುಂದೆ ಸಾಲುಗಟ್ಟಿ ನಿಂತರೆ, ಹಿಂದೆ ಬಂದ ಧ್ವನಿ ಒಂದು ಪೂರ್ಣ ಸೆಕೆಂಡು ಕಾಯಬೇಕಾಗುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನಂತೆ, ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡಿನೊಳಗಿದ್ದರೆ ಮಾತುಕತೆ ಸುಗಮವಾಗಿರುತ್ತದೆ.

ಆದುದರಿಂದ ಧ್ವನಿಯನ್ನು ಮುಂದೆ ಬಿಟ್ಟು ಕಡತವನ್ನು ಹಿಂದೆ ನಿಲ್ಲಿಸುವ ‘ಕ್ವಾಲಿಟಿ ಆಫ್ ಸರ್ವೀಸ್’ ಸೌಲಭ್ಯವೇ ರೂಟರಿನಲ್ಲಿ ಮೊದಲು ನೋಡಬೇಕಾದ ಗುಣ. 2018ರಲ್ಲಿ ದಾಖಲೆಯಾಗಿ ಪ್ರಕಟವಾದ ಎಫ್‌ಕ್ಯೂ-ಕೋಡೆಲ್ ಎಂಬ ಸರದಿ ನಿರ್ವಹಣಾ ವಿಧಾನವುಳ್ಳ ಮಾದರಿಗಳು ಹೆಚ್ಚು ಉಪಯುಕ್ತ. ತಂತಿಯ ಮೂಲಕವೇ ಅಪ್‌ಲೋಡ್ ವೇಗವನ್ನು ಅಳೆದು, ಅದರ ಸುಮಾರು ಶೇ. 90ರಷ್ಟನ್ನು ರೂಟರಿನಲ್ಲಿ ಮಿತಿಯಾಗಿ ನಮೂದಿಸಬೇಕು. ಆಗ ಸಾಲು ಸೇವಾದಾರರ ಪೆಟ್ಟಿಗೆಯಲ್ಲಿ ಬೆಳೆಯದೆ, ರೂಟರಿನ ಹತೋಟಿಯಲ್ಲಿಯೇ ಉಳಿಯುತ್ತದೆ.

ಎಲ್ಲರಿಗೂ ಈ ವೆಚ್ಚ ಅಗತ್ಯವಿಲ್ಲ. ಸೆಕೆಂಡಿಗೆ 50 ಮೆಗಾಬಿಟ್ ಅಪ್‌ಲೋಡ್ ಇರುವ ಫೈಬರ್ ಸಂಪರ್ಕದಲ್ಲಿ ಅದೇ 250 ಕಿಲೋಬೈಟ್ ರಾಶಿ 40 ಮಿಲಿಸೆಕೆಂಡಿನಲ್ಲಿ ಕರಗುತ್ತದೆ. ಅಲ್ಲಿ ಸರಳ ರೂಟರ್ ಸಾಕಾಗಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಅತಿ ವೇಗದ ಸಂಪರ್ಕಕ್ಕೆ ದುರ್ಬಲ ಪ್ರೊಸೆಸರಿನ ರೂಟರ್ ಜೋಡಿಸಿ ಸರದಿ ನಿರ್ವಹಣೆಯನ್ನು ಚಾಲೂ ಮಾಡಿದರೆ, ಹಣ ತೆತ್ತ ವೇಗವೇ ಕುಗ್ಗಬಹುದು.

ತಂತಿಯೇ ಏಕೆ?

ವೈ-ಫೈನಲ್ಲಿ ಒಂದೇ ಚಾನೆಲ್ಲನ್ನು ಮನೆಯ ಉಪಕರಣಗಳೂ ನೆರೆಮನೆಯ ಉಪಕರಣಗಳೂ ಹಂಚಿಕೊಳ್ಳುತ್ತವೆ. ತಡೆಯಾದ ಮಾಹಿತಿಯನ್ನು ಮತ್ತೆ ಕಳುಹಿಸುವಾಗ ಧ್ವನಿಯ ಲಯ ತಪ್ಪುತ್ತದೆ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ಸ್ಥಿರವಾಗಿ ಒಯ್ಯಬಲ್ಲದು. ದೂರವಾಣಿಯನ್ನೂ ಲೆಕ್ಕಪತ್ರದ ಕಂಪ್ಯೂಟರನ್ನೂ ತಂತಿಗೆ ಜೋಡಿಸಿ, ಮೊಬೈಲುಗಳಿಗೆ ಮಾತ್ರ ಪ್ರತ್ಯೇಕ ವೈ-ಫೈ ಸಾಧನವಿಡುವುದು ಸೂಕ್ತ. ಪೋರ್ಟುಗಳು ಸಾಲದಿದ್ದರೆ ಸ್ವಿಚ್ಚೊಂದನ್ನು ಸೇರಿಸಬಹುದು. ಅದಕ್ಕಾಗಿ ರೂಟರನ್ನೇ ಬದಲಿಸಬೇಕಾಗಿಲ್ಲ.

ಕರೆ ಬಂದರೂ ಒಂದೇ ಕಡೆಯ ಧ್ವನಿ ಕೇಳಿಸುವ ದೋಷಕ್ಕೆ ರೂಟರಿನ ‘ಸಿಪ್ ಎಎಲ್‌ಜಿ’ ಸೌಲಭ್ಯವು ಅನೇಕ ವೇಳೆ ಕಾರಣ. ಅದನ್ನು ನಿಲ್ಲಿಸಲು ಅವಕಾಶವಿದೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಬೇಕು. ಸೇವಾದಾರರ ಪೆಟ್ಟಿಗೆಯೂ ರೂಟರಾಗಿಯೇ ಕೆಲಸ ಮಾಡುತ್ತಿದ್ದರೆ, ಅದನ್ನು ‘ಬ್ರಿಡ್ಜ್’ ಸ್ಥಿತಿಗೆ ಬದಲಿಸಿಕೊಡುವಂತೆ ಕೋರಬಹುದು.

ವಿದ್ಯುತ್ತು ಮತ್ತು ಭದ್ರತೆ

ಹಳೆಯ ಸ್ಥಿರ ದೂರವಾಣಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ತು ಬರುತ್ತಿತ್ತು. ಅಂತರಜಾಲ ದೂರವಾಣಿಗೆ ಆ ಆಶ್ರಯವಿಲ್ಲ. ಸೇವಾದಾರರ ಪೆಟ್ಟಿಗೆ, ರೂಟರ್ ಹಾಗೂ ದೂರವಾಣಿ ಮೂರಕ್ಕೂ ಯುಪಿಎಸ್ ಇರಬೇಕು. ಒಂದಕ್ಕೆ ಕೊರತೆಯಾದರೂ ಕರೆ ನಿಂತುಹೋಗುತ್ತದೆ.

ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಹೊರಗಿನವರು ದೂರವಾಣಿ ಖಾತೆಯೊಳಗೆ ನುಸುಳಿ ವಿದೇಶಿ ಕರೆ ಮಾಡಿದರೆ, ಬಿಲ್ಲು ಬರುವುದು ಮಾಲೀಕರ ಹೆಸರಿಗೇ. ತಯಾರಕರು ಸುರಕ್ಷತಾ ಪರಿಷ್ಕರಣೆಗಳನ್ನು ಎಷ್ಟು ವರ್ಷ ಒದಗಿಸುತ್ತಾರೆ ಎಂಬುದೂ ಬೆಲೆಯಷ್ಟೇ ಮುಖ್ಯ.

ಲೆಕ್ಕಪತ್ರದ ಮಾತು

ಜಿಎಸ್‌ಟಿಯ ಸಾಮಾನ್ಯ ಯೋಜನೆಯಲ್ಲಿ ನೋಂದಾಯಿತರಾದವರು ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಹಾಗೂ ನೋಂದಣಿ ಸಂಖ್ಯೆಯನ್ನು ನಮೂದಿಸಿಕೊಳ್ಳಬೇಕು. ಮನೆಯವರ ಬಳಕೆಯೂ ಇದ್ದಲ್ಲಿ, ವ್ಯವಹಾರದ ಪಾಲಿಗೆ ಮಾತ್ರ ಹೂಡುವಳಿ ತೆರಿಗೆ ಜಮೆ ಲಭ್ಯ. ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆದರೆ, ಆ ಮೊತ್ತಕ್ಕೆ ಜಮೆ ದೊರೆಯದು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಈ ಜಮೆಯೇ ಇಲ್ಲ.

ರೂಟರನ್ನು ಸ್ಥಾಪಿಸಿದ ದಿನವೇ ಒಂದು ದೊಡ್ಡ ಕಡತವನ್ನು ಕಳುಹಿಸಲು ಹಚ್ಚಿ, ಪರಿಚಿತರೊಬ್ಬರಿಗೆ ಕರೆ ಮಾಡಿ ಹತ್ತು ನಿಮಿಷ ಮಾತನಾಡುವುದು ಒಳ್ಳೆಯದು. ಹೇಳಿದ ಅಂಕಿಗಳನ್ನೆಲ್ಲ ಆ ತುದಿಯವರು ತಪ್ಪಿಲ್ಲದೆ ಮರುನುಡಿದರೆ ಆಯ್ಕೆ ಸರಿಯಾಗಿದೆ ಎಂದರ್ಥ. ಆದಾಗ್ಯೂ ದರ ನಿಗದಿಯಾದ ಮೇಲೆ ಅದನ್ನು ಲಿಖಿತವಾಗಿ ದೃಢಪಡಿಸಿಕೊಳ್ಳುವ ಹಳೆಯ ಪದ್ಧತಿಯನ್ನು ಯಾವ ರೂಟರಿನ ಭರವಸೆಯ ಮೇಲೂ ಕೈಬಿಡಬಾರದು.